ಗಾದೆಯ ಉಳಿದರ್ಧ

ನಿಮ್ಮ ಅಡುಗೆಮನೆಯ ಸಜ್ಜಾದ ಮೇಲೆ ಕೈಯಾಡಿಸಿದರೆ ನಿಮಗೆ ಪರಿಚಯವೇ ಇಲ್ಲದವರ ಹೆಸರು ಕೊರೆದಿರುವ ಒಂದು ಸ್ಟೀಲ್ ಡಬ್ಬಿ ಸಿಕ್ಕೇ ಸಿಗುತ್ತದೆ. ಯಾವುದೋ ಮದುವೆ, ಯಾವುದೋ ಗೃಹಪ್ರವೇಶ. ಹೆಸರು ಅವರದು, ತೊಳೆಯುವ ಕೆಲಸ ನಮ್ಮದು. ನಮ್ಮ ಮನೆಯಲ್ಲಿ ಇಂಥವು ಹನ್ನೆರಡೋ ಹದಿಮೂರೋ ಇವೆ. ಇವತ್ತು ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಹುಡುಕುತ್ತಿದ್ದಾಗ ಅವುಗಳಲ್ಲಿ ಒಂದು ಕೈಗೆ ಬಂತು. ಅದರ ಮುಚ್ಚಳದ ಮೇಲಿನ ಎರಡು ಸಾಲು ಓದಿದೆ, ಸಿಟ್ಟು ಬಂತು. ಅಷ್ಟರಲ್ಲಿ ಎಣ್ಣೆ ಹೊಗೆಯಾಗಿತ್ತು. ಎಣ್ಣೆ ಚೆಲ್ಲಿದೆ. ಸಿಟ್ಟು ಚೆಲ್ಲಲು ಜಾಗ ಸಿಗದೆ ನಿಮ್ಮ ಮುಂದೆ ಬಂದು ಕೂತಿದ್ದೇನೆ.

ಗಾದೆಗಳ ಮೇಲೆ ನನಗಿರುವ ಕೋಪ ಇಂದು ನಿನ್ನೆಯದಲ್ಲ. ಹೀಗೆಂದರೆ ಶಿಕಾರಿಪುರದ ಅರ್ಧ ಊರು ನಗುತ್ತದೆ, ಏಕೆಂದರೆ ಆ ಅರ್ಧ ಊರಿಗೆ ಗಾದೆ ಕಲಿಸಿದವಳು ನಾನೇ. ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಮೇಡಂ ಆಗಿದ್ದೆ. 'ಕೆಳಗಿನ ಗಾದೆಯನ್ನು ವಿಸ್ತರಿಸಿ' ಎಂಬ ಪ್ರಶ್ನೆಗೆ ಬಂದ ಉತ್ತರಗಳನ್ನು ಪೇರಿಸಿದ್ದರೆ ನಮ್ಮ ಮನೆಯ ಸೂರು ಮುಟ್ಟುತ್ತಿತ್ತು. ಎಲ್ಲವೂ 'ಗಾದೆಗಳು ವೇದಗಳಿಗೆ ಸಮಾನ' ಎಂದೇ ಶುರು, 'ಆದ್ದರಿಂದ ನಾವೆಲ್ಲರೂ ಇದನ್ನು ಪಾಲಿಸಬೇಕು' ಎಂದೇ ಮುಕ್ತಾಯ. ನಡುವೆ ಒಬ್ಬ ಸೋಮಾರಿ, ಒಬ್ಬ ಶ್ರಮಜೀವಿ. ಸೋಮಾರಿಯ ಹೆಸರು ಯಾವಾಗಲೂ ರಾಮು. ಪಾಪ, ಯಾವ ರಾಮು ಯಾವ ಕಾಲದಲ್ಲಿ ಏನು ಮಾಡಿದ್ದನೋ! ನಾನು ಮೂರಕ್ಕೆ ಎರಡೂವರೆ ಹಾಕಿ ಮುಂದಿನ ಪುಟ ತಿರುವುತ್ತಿದ್ದೆ.

ನನ್ನ ತವರೂರು ಜಡೆಯಲ್ಲಿ ನಾನು ಚಿಕ್ಕವಳಿದ್ದಾಗ ಏನು ಕೇಳಿದರೂ ಉತ್ತರದ ಬದಲು ಒಂದು ಗಾದೆ ಬರುತ್ತಿತ್ತು. ಹೊಸ ಲಂಗ ಕೇಳಿದರೆ 'ಹಾಸಿಗೆ ಇದ್ದಷ್ಟು ಕಾಲು ಚಾಚು'. ಎದುರು ಮಾತಾಡಿದರೆ 'ಮಾತು ಬೆಳ್ಳಿ, ಮೌನ ಬಂಗಾರ'. ನಮ್ಮಣ್ಣ ಎದುರು ಮಾತಾಡಿದರೆ ಮಾತ್ರ 'ಹುಡುಗ ಚುರುಕಾಗಿದಾನೆ' ಎನ್ನುತ್ತಿದ್ದರು, ಅದಕ್ಕೊಂದು ಗಾದೆ ಇರಲಿಲ್ಲ. ನನಗೆ ಆಗಲೇ ಗುಮಾನಿಯಿತ್ತು. ಇವನ್ನೆಲ್ಲ ಕಟ್ಟಿದವರು ಹೊಟ್ಟೆ ತುಂಬ ಉಂಡು, ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಕಟ್ಟಿದ್ದಾರೆ, ಅನುಮಾನವೇ ಬೇಡ.

ಈ ಗುಮಾನಿಗೆ ನೀರೆರೆದವಳು ನೀಲತ್ತೆ, ನನ್ನ ಅಪ್ಪನ ಅಕ್ಕ. ಅಂಬ್ಲಿಗೊಳ ಜಲಾಶಯದ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ, ಶಿಕಾರಿಪುರದ ಕಡೆಯ ಒಂದು ಊರಿಗೆ ಅವಳನ್ನು ಕೊಟ್ಟಿದ್ದರು. ತವರಿಗೆ ಬಂದಾಗ ರಾತ್ರಿ ನನ್ನ ಪಕ್ಕ ಮಲಗುತ್ತಿದ್ದಳು.

"ಗಾದೆ ಅಂದ್ರೆ ಅರ್ಧ ಮಾತು ಕಣೇ ಶೈಲ. ಉಳಿದರ್ಧ ಹೇಳಬೇಕಾದೋರು ಆಗ ಒಳಗೆ ರೊಟ್ಟಿ ಬಡೀತಿದ್ರು, ಅದಕ್ಕೇ ಯಾರಿಗೂ ಕೇಳ್ಲಿಲ್ಲ" ಅನ್ನುತ್ತಿದ್ದಳು.

ಅವಳ ಬಳಿ ಎಲ್ಲದಕ್ಕೂ ಉಳಿದರ್ಧವಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವನು ಹಾಸಿಗೆಯ ಮಧ್ಯ ಮಲಗಿದ್ದನಂತೆ. ಮೌನವೇ ಬಂಗಾರವಾಗಿದ್ದರೆ ನಮ್ಮ ವಂಶದ ಹೆಂಗಸರೆಲ್ಲ ಡಾಬು ಕಟ್ಟಿಕೊಂಡು ಓಡಾಡಬೇಕಿತ್ತಂತೆ. ತುಂಬಿದ ಕೊಡದ ಮೇಲಂತೂ ಅವಳಿಗೆ ವಿಶೇಷ ಸಿಟ್ಟು. "ತುಂಬಿದ ಕೊಡ ತುಳುಕೋದಿಲ್ಲ ಅಂದೋನು ಜನ್ಮದಲ್ಲಿ ಕೊಡ ಹೊತ್ತೋನಲ್ಲ. ಹೊತ್ಕಂಡು ಕೆರೆ ಏರಿ ಹತ್ತಿ ಇಳಿ ಅನ್ನು ಅವನಿಗೆ, ಬೆನ್ನೆಲ್ಲ ತೋದಿರ್ತದೆ."

ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಅದೇ ಗಾದೆ ಬಂತು. ಅತ್ತೆ ಹೇಳಿದ್ದನ್ನೇ ಬರೆದೆ, ಬೆನ್ನು ತೋಯುವುದನ್ನೂ ಸೇರಿಸಿ. ಮೇಷ್ಟ್ರು ಸೊನ್ನೆ ಹಾಕಿ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಧಿಕಪ್ರಸಂಗ' ಎಂದು ಬರೆದರು. ಆ ಅನ್ಯಾಯವನ್ನು ನಾನು ಮರೆಯಲಿಲ್ಲ. ಮರೆಯದೆ ಏನು ಮಾಡಿದೆ ಗೊತ್ತೇ? ನಾನೇ ಮೇಡಂ ಆದ ಮೇಲೆ ಒಬ್ಬ ಹುಡುಗಿ 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದಕ್ಕೆ 'ನಮ್ಮ ಅವ್ವನ ಕೈ ದಿನಾ ಕೆಸರು, ಆದರೆ ಹಾಲೆಲ್ಲ ಡೈರಿಗೆ ಹೋಗುವುದರಿಂದ ನಮ್ಮ ಮನೆಯಲ್ಲಿ ಮೊಸರು ಇರುವುದಿಲ್ಲ' ಎಂದು ಬರೆದಳು. ನಾನು ಅರ್ಧ ಅಂಕ ಕೊಟ್ಟು 'ವಿಷಯಾಂತರ' ಎಂದು ಬರೆದೆ. ಅದೇ ಕೆಂಪು ಶಾಯಿ. ಈಗ ನೆನೆಸಿಕೊಂಡರೆ ಆ ಪೇನಾವನ್ನು ನನ್ನ ಕೈಯಿಂದ ಯಾರಾದರೂ ಕಿತ್ತುಕೊಳ್ಳಬಾರದಿತ್ತೇ ಅನ್ನಿಸುತ್ತದೆ.

ಅತ್ತೆಗೆ ತನ್ನ ಉಳಿದರ್ಧಗಳನ್ನು ಬರೆದಿಡಲು ಪುಸ್ತಕವಿರಲಿಲ್ಲ, ಪಾತ್ರೆಗಳಿದ್ದವು. ಊರಲ್ಲಿ ಯಾರ ಮನೆಯ ಕಾರ್ಯಕ್ಕಾದರೂ ಎಲ್ಲರ ಮನೆಯ ಕೊಳಗ, ಬೋಗುಣಿ, ಸೌಟು ಎರವಲು ಹೋಗುತ್ತವಷ್ಟೇ? ವಾಪಸ್ ಬರುವಾಗ ಅದಲು ಬದಲು ಆಗಬಾರದೆಂದು ಹೆಸರು ಹಾಕಿಸುತ್ತಾರೆ. ಹೆಸರೋ, ಮನೆ ಯಜಮಾನನದು. ನಮ್ಮ ಮಾವನ ಹೆಸರು ವೀರಭದ್ರಪ್ಪ, ಆ ಊರಲ್ಲಿ ಇನ್ನೂ ಮೂವರು ವೀರಭದ್ರಪ್ಪಂದಿರಿದ್ದರು. ಅತ್ತೆಯ ಒಳ್ಳೆಯ ಬೋಗುಣಿಗಳೆಲ್ಲ ಆ ಮೂವರ ಮನೆ ಸೇರಿ, ಅವರ ಮನೆಯ ಸೊಟ್ಟ ಬೋಗುಣಿಗಳು ಇವಳ ಮನೆಗೆ ಬಂದವು. ಒಂದು ದಿನ ಅತ್ತೆ ಉಳಿದ ಪಾತ್ರೆಗಳನ್ನು ಚೀಲಕ್ಕೆ ತುಂಬಿಕೊಂಡು ಶಿಕಾರಿಪುರದ ಬಸ್ಸು ಹತ್ತಿದಳು.

ಪೇಟೆಯಲ್ಲಿ ಪಾತ್ರೆಗೆ ಹೆಸರು ಕೊರೆಯುವ ಖಾದರ್ ಸಾಹೇಬರ ಅಂಗಡಿ. ಅಂಗಡಿ ಎಂದರೆ ಒಂದು ಚಾಪೆ, ಒಂದು ಪುಟ್ಟ ಉಳಿ, ಒಂದು ಸುತ್ತಿಗೆ. ಅತ್ತೆ ಎದುರಿಗೆ ಕೂತು, "ಇದರ ಮೇಲೆ ಯಜಮಾನರ ಹೆಸರು ಬ್ಯಾಡ, ನಾನು ಹೇಳಿದ್ದು ಬರೀರಿ" ಅಂದಳು. ಹಾಲಿನ ಪಾತ್ರೆಯ ಮೇಲೆ 'ತಾಳಿದವನು ಬಾಳಿಯಾನು, ಒಲೆ ಮೇಲೆ ತಾಳಿದ್ದು ತಳ ಹಿಡಿದೀತು'. ದೊಡ್ಡ ಸೌಟಿನ ಹಿಡಿಕೆಯ ಉದ್ದಕ್ಕೂ 'ಹಂಚಿ ತಿಂದರೆ ಹಸಿವಿಲ್ಲ, ಹಂಚಿದವಳಿಗೆ ತಳದ್ದು'. ಸಾಹೇಬರು ಚುಕ್ಕೆ ಚುಕ್ಕೆಯಾಗಿ ಕೊರೆದರು. ಆಮೇಲೆ ಅತ್ತೆಯ ಒಂದು ಚಮಚವೂ ಕಳೆಯಲಿಲ್ಲ. ಅವಳ ಪಾತ್ರೆಯನ್ನು ಮನೆಯಲ್ಲಿಟ್ಟುಕೊಳ್ಳಲು ಯಾವ ವೀರಭದ್ರಪ್ಪನಿಗೂ ಧೈರ್ಯ ಬರಲಿಲ್ಲ. ನಮ್ಮ ಮಾವ ಹಾಲಿನ ಪಾತ್ರೆಯ ಮೇಲಿದ್ದದ್ದನ್ನು ಎರಡು ಸಲ ಓದಿ ಹೊರಗೆ ಹೋದರಂತೆ.

ಅಂದಿನಿಂದ ಅತ್ತೆ ತಿಂಗಳಿಗೊಮ್ಮೆ ಶಿಕಾರಿಪುರಕ್ಕೆ ಬರುವುದು ರೂಢಿಯಾಯಿತು. ಮಾವ ತೀರಿಕೊಂಡು, ಮಗ ಸೊರಬದಲ್ಲಿ ಗೊಬ್ಬರದ ಅಂಗಡಿ ಹಾಕಿ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದ ಮೇಲೂ ಅದು ತಪ್ಪಲಿಲ್ಲ. ಕೊರೆಸಲು ಏನೂ ಇಲ್ಲದಿದ್ದರೂ ಸಾಹೇಬರ ಅಂಗಡಿಯಲ್ಲಿ ಅರ್ಧ ಗಂಟೆ ಕೂರುವಳು. ಆಮೇಲೆ ಗಾಡಿಯ ಮುಂದೆ ನಿಂತುಕೊಂಡೇ ಮಂಡಕ್ಕಿ ಮಿರ್ಚಿ ತಿನ್ನುವಳು. ಆಮೇಲೆ ನನ್ನ ಮನೆಗೆ ಬಂದು, ಕಾಲು ಚಾಚಿ, "ಹ್ಞೂಂ, ಈಗ ಹೇಳು" ಅನ್ನುವಳು.

ಈಗ ಅವಳ ಮಗನ ವಿಷಯಕ್ಕೆ ಬರುತ್ತೇನೆ. ಮಲ್ಲಿಕಾರ್ಜುನ, ನನಗೆ ಬಾವ. ಒಳ್ಳೆಯವನು, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಕುಟುಂಬದ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಸೂರ್ಯನ ಚಿತ್ರದ ಮೇಲೆ ಒಂದು ನುಡಿಮುತ್ತು ಕಳಿಸುತ್ತಾನೆ. ಸೂರ್ಯನಿಗಿಂತ ಮೊದಲು ಅವನ ಸೂರ್ಯ ಹುಟ್ಟುತ್ತಾನೆ. 'ಬಿದ್ದಾಗ ಏಳುವುದೇ ಬದುಕು' ಎಂದು ಕಳಿಸಿದ ಮನುಷ್ಯ ತನ್ನ ತಾಯಿ ಬಿದ್ದಾಗ ಏನು ಮಾಡಿದ ಕೇಳಿ.

ಮೂರು ವರ್ಷದ ಹಿಂದೆ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅತ್ತೆಯ ಕಾಲು ಜಾರಿ ಪಾದ ಊದಿಕೊಂಡಿತು. ಹದಿನೈದು ದಿನಕ್ಕೆ ವಾಸಿಯೂ ಆಯಿತು. ಆದರೆ ಬಾವ ಅವಳ ಆಧಾರ್ ಕಾರ್ಡನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಕಾಲ, ಕಾರ್ಡು ತೋರಿಸಿದರೆ ಟಿಕೇಟಿಗೆ ದುಡ್ಡು ಬೇಡ. ದುಡ್ಡು ಕೊಟ್ಟು ಹೋಗಬಹುದಲ್ಲ ಎನ್ನಬೇಡಿ, ಅತ್ತೆಯ ಪರ್ಸೂ ಅದೇ ಬೀರುವಿನಲ್ಲಿತ್ತು. "ಕಳಕಂಡ್ ಬಿಡ್ತಾಳೆ, ಅದಕ್ಕೇ ಭದ್ರವಾಗಿಟ್ಟಿದೀನಿ" ಅಂತ ನನಗೆ ಹೇಳಿದ. ಎಲ್ಲಿಗೆ ಬೇಕಾದರೂ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನಂತೆ, ಭಾನುವಾರ, ಅಂಗಡಿ ಮುಚ್ಚಿದಾಗ, ಕೆಲಸ ಇಲ್ಲದಿದ್ದರೆ. ಮುಂದಿನ ಎರಡು ವರ್ಷದಲ್ಲಿ ಅತ್ತೆ ಹೊಸಿಲು ದಾಟಿದ್ದು ಡಾಕ್ಟರ ಬಳಿಗೆ ಮಾತ್ರ.

ಆ ಡಾಕ್ಟರ ಕೋಣೆಯ ಗೋಡೆಯ ಮೇಲೆ 'ಸಮಯ ಯಾರಿಗೂ ಕಾಯುವುದಿಲ್ಲ' ಎಂಬ ಫಲಕವಿದೆ, ಅದರ ಕೆಳಗೆ ಬೆಂಚಿನ ಮೇಲೆ ಅತ್ತೆ ಎರಡು ತಾಸು ಕಾಯುತ್ತಾಳೆ. ಈ ಫಲಕಗಳನ್ನು ಮಾರುವವರು ಯಾರು ಎಂದು ಒಮ್ಮೆ ಕಂಡುಹಿಡಿಯಬೇಕು. ಬ್ಯಾಂಕಿಗೆ ಹೋದರೆ 'ನಗು ಆರೋಗ್ಯಕ್ಕೆ ಒಳ್ಳೆಯದು', ಕೆಳಗೆ ಕೂತವರು ಯಾರೂ ನಗುವುದಿಲ್ಲ. ಇರಲಿ, ಇದು ವಿಷಯಾಂತರ. ನನಗೆ ನಾನೇ ಅರ್ಧ ಅಂಕ ಕೊಟ್ಟುಕೊಳ್ಳುತ್ತೇನೆ.

ಕಳೆದ ವರ್ಷ ಅತ್ತೆಗೆ ಎಂಬತ್ತು ತುಂಬಿತು. ಬಾವ ಸೊರಬದ ಒಂದು ಸಮುದಾಯ ಭವನದಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟ. ಬಂದವರಿಗೆಲ್ಲ ಒಂದೊಂದು ಸ್ಟೀಲ್ ಡಬ್ಬಿ, ಡಬ್ಬಿಯ ಮುಚ್ಚಳದ ಮೇಲೆ ಅತ್ತೆಯ ಹೆಸರು, ಹೆಸರಿನ ಕೆಳಗೆ 'ತಾಯಿಯೇ ದೇವರು'. ಕೊರೆಸುವ ಕೆಲಸ ನನಗೆ ಬಂತು. ಚೀಟಿ ಒಯ್ದು ಖಾದರ್ ಸಾಹೇಬರಿಗೆ ಕೊಟ್ಟೆ. ಈಗ ಅವರಿಗೂ ವಯಸ್ಸಾಗಿದೆ, ಉಳಿಯ ಬದಲು ಕರೆಂಟಿನ ಮಿಶನ್ನು ಬಂದಿದೆ. ಎರಡು ದಿನ ಬಿಟ್ಟು ಅವರ ಫೋನು ಬಂತು. ನಾನು ಸೀರೆಗೆ ಫಾಲ್ಸ್ ಹಚ್ಚಿಸುವ ಅವಸರದಲ್ಲಿದ್ದೆ.

"ಅಕ್ಕಾರೆ, ದೊಡ್ಡಮ್ಮಾರು ಫೋನ್ ಮಾಡಿದ್ರು. ಕೆಳಗೆ ಇನ್ನೊಂದು ಸಾಲು ಹಾಕು ಅಂದಾರೆ. ಹಾಕಲೇನ್ರಿ?"

"ಹಾಕ್ರಿ ಸಾಹೇಬ್ರೆ. ದೊಡ್ಡೋರು ಹೇಳಿದ ಮ್ಯಾಲೆ ನಮ್ಮನ್ನೇನು ಕೇಳ್ತೀರಿ" ಅಂದೆ.

ಮಾವನ ಹೆಸರು ಸೇರಿಸಲು ಹೇಳಿರಬೇಕು ಎಂದುಕೊಂಡೆ ನೋಡಿ! ಐವತ್ತು ವರ್ಷ ಅವಳ ಪಾತ್ರೆಗಳನ್ನು ಕಂಡವಳು ನಾನು, ಯಾವ ಸಾಲು ಅಂತ ಕೇಳಲಿಲ್ಲ. ಡಬ್ಬಿಗಳು ರಟ್ಟಿನ ಪೆಟ್ಟಿಗೆಗಳಲ್ಲಿ ನೇರವಾಗಿ ಭವನಕ್ಕೆ ಹೋದವು.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಅತ್ತೆಗೆ ರೇಷ್ಮೆ ಸೀರೆ ಉಡಿಸಿ, ಎತ್ತರದ ಕುರ್ಚಿಯಲ್ಲಿ ಕೂರಿಸಿ, ಹಾರದ ಮೇಲೆ ಹಾರ ಹಾಕಿದರು. ತಾಳ್ಮೆಯ ಬಗ್ಗೆ ಒಬ್ಬರು, ತ್ಯಾಗದ ಬಗ್ಗೆ ಇನ್ನೊಬ್ಬರು ಮಾತಾಡಿದರು. ಎಲ್ಲರೂ ಅವಳ ಬಗ್ಗೆ ಮಾತಾಡಿದರು, ಮೈಕನ್ನು ಅವಳ ಮುಂದೆ ಮಾತ್ರ ಯಾರೂ ಹಿಡಿಯಲಿಲ್ಲ. ಕೊನೆಗೆ ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಒಂದು ಡಬ್ಬಿ ಎತ್ತಿಕೊಂಡು, "ಈ ಕಾಣಿಕೆಯ ಮೇಲಿರುವ ಅಮೃತವಾಕ್ಯದೊಂದಿಗೆ ಕಾರ್ಯಕ್ರಮ ಮುಗಿಸೋಣ" ಎಂದು ಕಂಚಿನ ಕಂಠದಲ್ಲಿ ಓದಿದರು.

"ತಾಯಿಯೇ ದೇವರು! ದೇವರನ್ನಾದರೂ ವರ್ಷಕ್ಕೊಮ್ಮೆ ಹೊರಗೆ ಕರೆದುಕೊಂಡು ಹೋಗುತ್ತಾರೆ!"

ಮೇಷ್ಟ್ರಿಗೆ ಓದಿದ ಮೇಲೆ ಅರ್ಥವಾಯಿತು. ಆಮೇಲೆ ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆ ನಗು ಕೊನೆಯ ಕುರ್ಚಿಯವರೆಗೂ ಹೋಯಿತು. ಅತ್ತೆ ಹಾರಗಳ ನಡುವೆ ಮುಖ ಸ್ವಲ್ಪವೂ ಅಲ್ಲಾಡಿಸದೆ ಕೂತಿದ್ದಳು. ಬಾವನ ಮುಖ ನೋಡಲಾಗಲಿಲ್ಲ. "ಕೊರೆಯೋನು ತಪ್ಪು ಮಾಡಿದಾನೆ, ಡಬ್ಬಿ ವಾಪಸ್ ಇಸ್ಕಳ್ರಿ, ಎಲ್ಲರಿಗೂ ತೆಂಗಿನಕಾಯಿ ಕೊಡ್ರಿ" ಎಂದು ಬಡಿಸುವವರಿಗೆ ಹೇಳಿದ. ಅಷ್ಟರಲ್ಲಿ ಡಬ್ಬಿಗಳು ಸೆರಗಿನ ಕೆಳಗೆ, ವ್ಯಾನಿಟಿ ಬ್ಯಾಗಿನ ಒಳಗೆ ಹೋಗಿಯಾಗಿತ್ತು. ತೆಂಗಿನಕಾಯಿಯನ್ನೂ ತೆಗೆದುಕೊಂಡರು. ಡಬ್ಬಿ ಒಬ್ಬಳೂ ಕೊಡಲಿಲ್ಲ.

ಸಂಜೆ ಮನೆಯಲ್ಲಿ ಬಾವ ಅತ್ತೆಯ ಎದುರು ಕೂತ. ಅವನ ಕಣ್ಣು ಕೆಂಪಾಗಿತ್ತು. ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ, ನನ್ನ ಬಾಯಿಗೆ ಅವಕಾಶವೇ ಸಿಗಲಿಲ್ಲ.

"ಊರ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲವ್ವ. ನಿನಗೆ ನಾನು ಏನು ಕಡಿಮೆ ಮಾಡೀನಿ? ಬಂಗಾರದಂಗೆ ನೋಡ್ಕಂಡೀನಿ."

"ಹೌದು ಕಣೋ ಮಲ್ಲಿ. ಬಂಗಾರದಂಗೇ ನೋಡ್ಕಂಡಿದೀಯ. ಬೀರುನಾಗೆ ಇಟ್ಟು."

"ಎಲ್ಲಿಗೆ ಹೋಗಬೇಕು ಹೇಳು. ಈಗಲೇ ಕಾರು ತೆಗೀತೀನಿ."

"ಅದೇ ಬ್ಯಾಡ ನಂಗೆ. ಎಲ್ಲಿಗೆ ಅಂತ ಹೇಳಿ ಹೇಳಿ ಸಾಕಾಗೇತಿ. ಮೊದಲು ನಮ್ಮಪ್ಪಂಗೆ ಹೇಳ್ದೆ, ಆಮೇಲೆ ನಿಮ್ಮಪ್ಪಂಗೆ, ಈಗ ನಿಂಗೆ. ನನ್ನ ಕಾರ್ಡು ಕೊಡು."

"ಮತ್ತೆ ಬಿದ್ರೆ?"

"ಬಿದ್ರೆ ಬಿದ್ದೆ. ಬಿದ್ದಾಗ ಏಳೋದೇ ಬದುಕು ಅಂತ ನೀನೇ ಊರಿಗೆಲ್ಲ ಕಳಿಸ್ತೀಯಲ್ಲ."

ಬಾವ ತಲೆ ತಗ್ಗಿಸಿದ, ಆದರೆ ಏಳಲಿಲ್ಲ. ಒಳಗಿನಿಂದ ಬೀರು ತೆರೆದ ಸದ್ದಾಯಿತು. ಬಾವನ ಹೆಂಡತಿ ಸುಮ, ಆ ಮನೆಯಲ್ಲಿ ಅವಳ ಧ್ವನಿ ಕೇಳಿದ್ದು ನನಗೆ ಕಡಿಮೆ, ಕಾರ್ಡು ಪರ್ಸು ಎರಡನ್ನೂ ತಂದು ಅತ್ತೆಯ ಮಡಿಲಲ್ಲಿಟ್ಟಳು. ಗಂಡನ ಕಡೆ ನೋಡಿ, "ನಾಳೆ ನಂಗೂ ಎಂಬತ್ತಾಗ್ತದೆ ಕಣ್ರೀ" ಅಂದಳು. ಕೀಲಿಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು.

ಆಹಾ, ನಾನು ಅವತ್ತು ಎಷ್ಟು ಮೆರೆದೆ! ಶಿಕಾರಿಪುರಕ್ಕೆ ಬಂದು ಕಂಡಕಂಡವರಿಗೆಲ್ಲ ಈ ಕಥೆ ಹೇಳಿದೆ. ಗಂಡಸರ ಪ್ರೀತಿಯೆಂದರೆ ಹೀಗೇ ಎಂದೆ, ಗಾದೆ ಹೇಳಿ ಬಾಗಿಲು ಹಾಕುತ್ತಾರೆ ಎಂದೆ. ನಿವೃತ್ತ ಶಿಕ್ಷಕಿಯರ ಸಭೆಯಲ್ಲಿ ಡಬ್ಬಿಯನ್ನೇ ಎತ್ತಿ ಹಿಡಿದು ಭಾಷಣ ಮಾಡಿದೆ.

ಎರಡು ವಾರದ ಮೇಲೆ ಅತ್ತೆ ಫೋನು ಮಾಡಿ, ಸೋಮವಾರ ಬೆಳಗಿನ ಬಸ್ಸಿಗೆ ನಿಮ್ಮನೆಗೆ ಬರ್ತೀನಿ ಅಂದಳು. ಭಾನುವಾರವೇ ಬಾವನ ಫೋನು ಮೂರು ಸಲ ಬಂತು. ಯಾವ ಬಸ್ಸು, ಎಷ್ಟು ಗಂಟೆ, ಇಳಿಯುವಾಗ ಕೈ ಹಿಡಿ, ಮುಟ್ಟಿದ ಕೂಡಲೇ ತಿಳಿಸು. ಅಯ್ಯೋ, ಇವನ ಕಾಟವೇ ಎಂದು ಬೈದುಕೊಂಡೆ. ಸೋಮವಾರ ಅರ್ಧ ಗಂಟೆ ಮೊದಲೇ ಸ್ಟ್ಯಾಂಡಿಗೆ ಹೋಗಿ ನಿಂತೆ.

ಅತ್ತೆಗೆಂದು ಮಿರ್ಚಿ ಕಟ್ಟಿಸುತ್ತಿದ್ದಾಗ ಬಸ್ಸು ಬಂತು. ಎಲ್ಲರೂ ಇಳಿದರು, ಅತ್ತೆ ಕಾಣಲಿಲ್ಲ. ಸೀಟಿನ ಸಂದಿಗಳಲ್ಲೂ ನೋಡಿದೆ. ಮುಂದಿನ ಬಸ್ಸಿನಲ್ಲೂ ಇಲ್ಲ. ಫೋನು ಮಾಡಿದರೆ ಎತ್ತುತ್ತಿಲ್ಲ. ಅಷ್ಟರಲ್ಲಿ ಬಾವನ ಫೋನು, "ಬಂದ್ಲೇನೇ?" ಏನು ಹೇಳಲಿ? "ಹ್ಞೂಂ, ಬಂದ್ಲು, ಮಿರ್ಚಿ ತಿಂತಿದಾಳೆ" ಎಂದು ಸುಳ್ಳು ಹೇಳಿದೆ. ಖಾದರ್ ಸಾಹೇಬರ ಅಂಗಡಿಗೆ ಓಡಿದೆ, ಅಲ್ಲಿಲ್ಲ. ಮಂಡಕ್ಕಿ ಗಾಡಿಯ ಬಳಿ ಇಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಬತ್ತರ ಹೆಂಗಸು ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದೆ. ಬಿಸಿಲಲ್ಲಿ ಎರಡು ತಾಸು ಅಲೆದೆ. ವಯಸ್ಸಾದ ಮೇಲೆ ಇಷ್ಟು ಹಟ ಇರಬಾರದು, ಹೇಳಿದವರ ಮಾತು ಕೇಳಬೇಕು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗಾಯಿತಲ್ಲ, ಹೀಗೆ ದಾರಿಯುದ್ದಕ್ಕೂ ಬೈಯುತ್ತಿದ್ದವಳು ನಾನೇ.

ಮಧ್ಯಾಹ್ನ ಒಂದೂವರೆಗೆ ಅತ್ತೆಯೇ ಫೋನು ಮಾಡಿದಳು. ಅವಳ ಧ್ವನಿಯಲ್ಲಿ ಅಷ್ಟು ಖುಷಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಶೈಲ, ನಾನು ಅಂಬ್ಲಿಗೊಳದಾಗೆ ಇದೀನಿ ಕಣೇ. ನೀನು ಸ್ಟ್ಯಾಂಡಿನಾಗೆ ಮಿರ್ಚಿ ಕಟ್ಟಿಸ್ತಿದ್ದೆ, ನೋಡ್ದೆ. ಕೂಗಿದ್ರೆ ಮನೆಗೆ ಕರ್ಕಂಡು ಹೋಗ್ತಿದ್ದೆ. ಅದಕ್ಕೇ ಹಿಂದಿನ ಬಾಗಿಲಾಗೆ ಇಳಿದು ಬ್ಯಾರೆ ಬಸ್ ಹತ್ತಿದೆ, ಆಮ್ಯಾಲೆ ಆಟೋ. ಇದರ ನೀರಾಗೆ ಬೆಳೆದ ಅಕ್ಕಿನ ಐವತ್ತು ವರ್ಷ ಉಂಡಿದೀನಿ, ನೀರು ಇಷ್ಟಿದೆ ಅಂತ ಯಾರೂ ಹೇಳಿರ್ಲಿಲ್ಲ ನೋಡು!"

ಅವಳು ಬದುಕಿದ್ದಾಳೆಂಬ ಸಮಾಧಾನಕ್ಕೋ, ಸುಳ್ಳು ಹೇಳಿದ ಹೆದರಿಕೆಗೋ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೀದಿಯಲ್ಲಿ ನಿಂತು ಕೂಗಿದೆ.

"ಯಾರನ್ನ ಕೇಳಿ ಹೋದೆ ನೀನು?"

ಅತ್ತೆಯ ಹತ್ತಿರ ಇದಕ್ಕೂ ಒಂದು ಉಳಿದರ್ಧ ಇರುತ್ತದೆ, ಚುಚ್ಚುತ್ತಾಳೆ, ಇಬ್ಬರೂ ನಗುತ್ತೇವೆ ಎಂದು ಕಾದೆ.

"ನೀನೂ ಅದನ್ನೇ ಕೇಳಿದೆಯಲ್ಲೇ ಶೈಲ" ಅಂದಳು ಅತ್ತೆ, ಮೆಲ್ಲಗೆ. "ನಾಲ್ಕು ಗಂಟೆ ಬಸ್ಸಿಗೆ ವಾಪಸ್ ಹೋಗ್ತೀನಿ ಅಂತ ಮಲ್ಲಿಗೆ ಹೇಳು."